ಮೂರನೆಯ ಎಣಿಕೆ

ನೂರ ಹನ್ನೆರಡನೆಯ ಜೀವಕೋಶ ದಾಟುವ ಹೊತ್ತಿಗೆ ತಾನು ಏನನ್ನು ಹುಡುಕುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಿತು. ಹೊಳೆದದ್ದೇ ತಡ, ಎಣಿಕೆಯ ಗುಂಡಿಯ ಮೇಲಿದ್ದ ಹೆಬ್ಬೆರಳು ಅಲ್ಲೇ ನಿಂತುಬಿಟ್ಟಿತು. ಹೊರಗೆ ಬೆಳಗಿನ ಹತ್ತೂವರೆ. ಬಾಗಿಲು ಹಾಕಿ ಕಪ್ಪು ಪರದೆ ಎಳೆದ ಈ ಕೋಣೆಗೆ ಮಾತ್ರ ಹೊತ್ತಿನ ಹಂಗಿಲ್ಲ. ಮೈಕ್ರೋಸ್ಕೋಪಿನ ದೀಪ ತಣ್ಣಗೆ ಗುಂಯ್‌ಗುಡುತ್ತಿತ್ತು. ಹತ್ತೊಂಬತ್ತು ವರ್ಷಗಳಿಂದ ಅವಳು ಇದೇ ಸ್ಟೂಲಿನ ಮೇಲೆ ಕೂತು ಗುರುತು ಪರಿಚಯವಿಲ್ಲದವರ ರಕ್ತದೊಳಗಿನ ಚುಕ್ಕಿಗಳನ್ನು ಎಣಿಸುತ್ತ ಬಂದಿದ್ದಳು. ಕತ್ತಲಲ್ಲಿ ತೇಲುವ ನೀಲಿ ಬಿಲ್ಲೆಗಳು ಜೀವಕೋಶಗಳು. ಒಂದೊಂದು ಬಿಲ್ಲೆಯೊಳಗೂ ಎರಡು ಹಸಿರು, ಎರಡು ಕೆಂಪು ಚುಕ್ಕಿ ಇದ್ದರೆ ಎಲ್ಲ ನೆಟ್ಟಗಿದೆ ಎಂದರ್ಥ. ಕೆಂಪು ಒಂದೇ ಇದ್ದರೆ ಅಲ್ಲೊಂದು ತುಂಡು ಕಳೆದುಹೋಗಿದೆ. ಕಳೆದದ್ದು ಯಾವ ಕ್ರೋಮೋಸೋಮಿನ ತುಂಡು ಎಂಬುದರ ಮೇಲೆ ಆ ಮನುಷ್ಯನ ಮುಂದಿನ ವರ್ಷಗಳು ನಿಂತಿರುತ್ತವೆ. ಲ್ಯಾಬಿನವರು ಇದನ್ನು ಬರೀ ಅಂಕಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. 'ಹದಿಮೂರು' ಮಾತ್ರ ಹೋಗಿದ್ದರೆ ಪುಣ್ಯವಂತ. ರಕ್ತದ ಕ್ಯಾನ್ಸರು ಇದೆ ಎಂಬುದನ್ನೇ ಮರೆತು ಹತ್ತಿಪ್ಪತ್ತು ವರ್ಷ ಬದುಕಬಹುದು. 'ಹನ್ನೊಂದು' ಹೋಗಿದ್ದರೆ ಕಷ್ಟ. 'ಹದಿನೇಳು' ಹೋಗಿದ್ದರೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ರಿಪೋರ್ಟನ್ನು ಮಡಚಿ ಲಕೋಟೆಗೆ ಹಾಕುವಾಗ ಕೈ ತಾನಾಗಿ ಮೆಲ್ಲಗಾಗುತ್ತಿತ್ತು, ಅಷ್ಟೆ. ಇವತ್ತು ಗಾಜಿನ ಮೇಲಿದ್ದ ರಕ್ತ ಅವಳ ಗಂಡನದು. ಅವಳು ಹುಡುಕುತ್ತಿದ್ದುದು ಹದಿನೇಳನ್ನು.

ಹುಡುಕುವುದಕ್ಕೂ ಹೆದರುವುದಕ್ಕೂ ವ್ಯತ್ಯಾಸವೇನು, ಎರಡರಲ್ಲೂ ಕಣ್ಣು ಹೋಗುವುದು ಅದೇ ಜಾಗಕ್ಕಲ್ಲವೇ ಎಂದು ತನ್ನೊಳಗೇ ವಾದ ಹೂಡಿ ನೋಡಿದಳು. ವಾದ ನಿಲ್ಲಲಿಲ್ಲ. ಹೆದರಿದವಳಿಗೆ ಎರಡು ಕೆಂಪು ಚುಕ್ಕಿ ಕಂಡಾಗಲೆಲ್ಲ ಉಸಿರು ಸಡಿಲವಾಗಬೇಕಿತ್ತು. ಇವಳಿಗೆ ಪ್ರತಿ ಸಲವೂ ಒಳಗೇನೋ ಒಂದಿಷ್ಟು ಕುಸಿಯುತ್ತಿತ್ತು. ಬಸ್ಸು ಬಂತೆಂದು ಚೀಲ ಎತ್ತಿಕೊಂಡು ನಿಂತವರು ಅದರ ಬೋರ್ಡು ಓದಿ ಮತ್ತೆ ಕಟ್ಟೆಯ ಮೇಲೆ ಕೂರುವ ಹಾಗೆ. ನಿಜವಾಗಿ ಈ ಸ್ಲೈಡನ್ನು ಅವಳು ಮುಟ್ಟಲೇಬಾರದಾಗಿತ್ತು. ಲ್ಯಾಬಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಬರೀ ಮೇಡಮ್, ಮೊನ್ನೆಯೇ ಕರೆದು ಹೇಳಿದ್ದರು: "ನಿಮ್ಮ ಮನೆಯವರದು ನೀವು ನೋಡೋದು ಬೇಡಮ್ಮ. ಹೊಸಬಳು ನೋಡ್ಲಿ. ಎರಡನೇ ಎಣಿಕೆ ನಾನೇ ಮಾಡ್ತೀನಿ." ಹೊಸಬಳು ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು, ಅವಳ ನಂತರ ಯಾರನ್ನೂ ತೆಗೆದುಕೊಳ್ಳದೆ ಇದ್ದುದರಿಂದ ಹೆಸರು ಹಾಗೇ ಉಳಿದಿತ್ತು. ಬೆಳಗ್ಗೆ ಅವಳ ಫೋನು ಬಂತು. ಮಗುವಿಗೆ ಜ್ವರ, ಮಧ್ಯಾಹ್ನದ ಮೇಲೆ ಬರ್ತೀನಕ್ಕ. ಮೇಡಮ್ ಮೀಟಿಂಗಿನಲ್ಲಿದ್ದರು. ತಟ್ಟೆಯಲ್ಲಿ ಹನ್ನೆರಡು ಸ್ಲೈಡುಗಳು ಸಾಲಾಗಿ ಮಲಗಿದ್ದವು, ಹೆಸರಿಲ್ಲದೆ, ಬರೀ ನಂಬರು ಹೊತ್ತು. ಅದರಲ್ಲಿ ನಾಲ್ಕರ ಮೇಲಿದ್ದ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ರಿಪೋರ್ಟಿನ ಮೇಲೆ ಮುದ್ರೆ ಬಿದ್ದು ಬರುವ ತನಕ ಕಾಯಬಹುದಿತ್ತು. ಕೈ ತಟ್ಟೆಯ ಕಡೆಗೆ ಹೋದದ್ದನ್ನು ಅವಳು ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದ್ದಳು.

ಕಣ್ಣಿನ ಪೊರೆ ತೆಗೆಸಲೆಂದು ಮಾಡಿಸಿದ ಮಾಮೂಲಿ ರಕ್ತಪರೀಕ್ಷೆಯಲ್ಲಿ ಬಿಳಿಕಣಗಳು ಎಲ್ಲೆ ಮೀರಿದ್ದು ಗೊತ್ತಾಗಿ ಮೂರು ವಾರ ಕಳೆದಿತ್ತು. ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರು ಎಂದರು. ಎಷ್ಟು ನಿಧಾನ ಎಂಬುದನ್ನು ಕ್ರೋಮೋಸೋಮು ಹೇಳಬೇಕು ಎಂದರು. ಮೊದಲ ದಿನ ಗಂಡ ಬೆಳ್ಳಗಾಗಿದ್ದ. ಊಟದ ಮೇಜಿನ ಅಂಚು ಹಿಡಿದುಕೊಂಡು ಕೂತವನ ಬೆರಳಿನ ಗಿಣ್ಣುಗಳನ್ನು ನೋಡಿ ಅವಳಿಗೆ ಅಯ್ಯೋ ಅನ್ನಿಸಿತ್ತು. ಅದು ಸುಳ್ಳಲ್ಲ, ಅದನ್ನು ಅವಳು ಆಮೇಲೂ ಎಷ್ಟೋ ಸಲ ನೆನಪಿಸಿಕೊಂಡು ಸಮಾಧಾನಪಟ್ಟುಕೊಂಡಿದ್ದಳು. ಎರಡನೆಯ ವಾರಕ್ಕೆ ಅವನಿಗೆ ಕಾಯಿಲೆ ಒಗ್ಗಿತು. ಮೂವತ್ತನಾಲ್ಕು ವರ್ಷ ರೇಡಿಯೋದಲ್ಲಿ ವಾರ್ತೆ ಓದಿದವನು ಅವನು. ನಿವೃತ್ತಿಯಾದ ಮೇಲೆ ಆ ಗಂಟಲು ಮನೆಯಲ್ಲಿ ದಿಕ್ಕು ತಪ್ಪಿ ಅಲೆಯುತ್ತಿತ್ತು; ನೀರಿನ ಬಿಲ್ಲನ್ನೂ ಭೂಕಂಪದ ಸುದ್ದಿಯ ಹಾಗೆ ಓದುತ್ತಿದ್ದ. ಈಗ ಓದಲು ಒಂದು ಸುದ್ದಿ ಸಿಕ್ಕಿತು. ನೋಡಲು ಬಂದವರನ್ನು ಎದುರಿಗೆ ಕೂರಿಸಿಕೊಂಡು, ಒಂದು ಕ್ಷಣ ಬಿಟ್ಟು, ತಗ್ಗಿನ ದನಿಯಲ್ಲಿ "ರಕ್ತದ್ದು" ಎನ್ನುತ್ತಿದ್ದ. ಬಂದವರ ಮುಖ ಬಾಡುವ ತನಕ ಕಾದು ಮುಂದುವರಿಸುತ್ತಿದ್ದ. ಅವಳು ಟೀ ತಂದಿಟ್ಟರೆ, "ಇವಳು ಇದೇ ಕೆಲಸದಲ್ಲಿರೋದು. ಚುಕ್ಕಿ ಎಣಿಸೋದು. ಹತ್ತೊಂಬತ್ತು ವರ್ಷ ಊರವರ ಚುಕ್ಕಿ ಎಣಿಸಿದ್ಲು, ಗಂಡನ ರಕ್ತ ಕೆಟ್ಟಿದ್ದು ಗೊತ್ತಾಗ್ಲಿಲ್ಲ" ಎಂದು ನಗುತ್ತಿದ್ದ. ಬಂದವರು ನಗಬೇಕೋ ಬೇಡವೋ ತಿಳಿಯದೆ ಬಟ್ಟಲಿನೊಳಗೆ ನೋಡುತ್ತಿದ್ದರು.

ಅವನು ಕೈ ಎತ್ತಿದವನಲ್ಲ, ಕುಡಿದವನಲ್ಲ, ಇನ್ನೊಂದು ಹೆಂಗಸಿನ ಕಡೆ ಹೋದವನಲ್ಲ. ಯಾರ ಹತ್ತಿರವಾದರೂ ಹೇಳಿಕೊಂಡರೆ, ಅದಕ್ಕೇನೀಗ ಎಂದು ಕೇಳುವಂಥವೇ ಅವಳ ದೂರುಗಳೆಲ್ಲ. ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಜ್ವರ ಏರಿ ಕಣ್ಣು ಮೇಲಾಗಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳು ಅವನ ತೋಳು ಹಿಡಿದು "ಬಯ ಆಗ್ತಿದೆ ರೀ" ಎಂದಿದ್ದಳು. ಅವನು ಅವಳ ಕೈ ಮೇಲೆ ಕೈ ಇಟ್ಟು, ಮೃದುವಾಗಿಯೇ, "ಭಯ. ಮಹಾಪ್ರಾಣ. ಉಸಿರು ಹೊಟ್ಟೆಯಿಂದ ಬರ್ಬೇಕು" ಎಂದಿದ್ದ. ಪಕ್ಕದ ಬೆಂಚಿನ ಹೆಂಗಸು ಮುಖ ತಿರುಗಿಸಿಕೊಂಡಳು. ಆವತ್ತಿನಿಂದ ಅವಳು ಅವನೆದುರಿಗೆ ಆ ಶಬ್ದವನ್ನೇ ಬಿಟ್ಟಳು. ಆಮೇಲೆ ಒಂದೊಂದಾಗಿ ಇನ್ನೆಷ್ಟೋ ಶಬ್ದ ಬಿಟ್ಟಳು. ಕೊನೆಗೆ ಉಳಿದದ್ದು ಹೂಂ, ಆಯ್ತು, ಊಟಕ್ಕೆ ಬನ್ನಿ. ಕಾಯಿಲೆಯ ಸುದ್ದಿ ಬಂದ ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಅವನು ಸ್ನಾನಕ್ಕೆ ಹೋಗಿದ್ದಾಗ, ಕಸ ಗುಡಿಸುತ್ತ ಅವನ ಕುರ್ಚಿಯನ್ನು ಸರಿಸಿದವಳು ಸುಮ್ಮನೆ ಅದರಲ್ಲಿ ಕೂತಳು. ಬಚ್ಚಲಿನ ನೀರಿನ ಸದ್ದು ನಿಂತಿತ್ತು, ಅವನು ಮೈ ಒರೆಸಿಕೊಳ್ಳುತ್ತಿರಬೇಕು. ಅಷ್ಟು ಹೊತ್ತು, ಹೆಚ್ಚೆಂದರೆ ಎರಡು ನಿಮಿಷ, ಮನೆಯಲ್ಲಿ ಯಾರ ಮಾತೂ ಇರಲಿಲ್ಲ. ಗೋಡೆಗಳು ಹಿಂದೆ ಸರಿದು ಕೋಣೆ ದೊಡ್ಡದಾದಂತೆ ಕಂಡಿತು. ಆ ಕಡೆಯ ಮೂಲೆಗೆ ಹೊಲಿಗೆ ಮೆಷಿನ್ನು ಇಡಬಹುದು ಎಂದು ಅವಳು ಯೋಚಿಸಿದಳು. ಅವನ ಬಟ್ಟೆಗಳನ್ನು ಯಾರಿಗೆ ಕೊಡುವುದು, ಮಗಳು ಬಂದು ಒಂದು ತಿಂಗಳು ಇರುತ್ತೇನೆಂದರೆ ಹತ್ತೇ ದಿನ ಸಾಕು ಎಂದು ಹೇಗೆ ಒಪ್ಪಿಸುವುದು, ಎಲ್ಲವೂ ತಾವಾಗಿ ಸಾಲುಗೂಡಿ ಬಂದವು. ಬಚ್ಚಲ ಬಾಗಿಲು ತೆರೆದಾಗ ಬೆಂಕಿ ಮುಟ್ಟಿದವಳಂತೆ ಎದ್ದಳು. ಆದರೆ ಯೋಚನೆ ಎದ್ದು ಹೋಗಲಿಲ್ಲ. ಮರುದಿನ ಬಸ್ಸಿನಲ್ಲಿ, ಅದರ ಮರುದಿನ ಅನ್ನ ಬಸಿಯುವಾಗ, ಬಿಟ್ಟಲ್ಲಿಂದಲೇ ಮುಂದುವರಿಯುತ್ತಿತ್ತು.

ಈಗ ಹೆಬ್ಬೆರಳನ್ನು ಮತ್ತೆ ಗುಂಡಿಯ ಮೇಲಿಟ್ಟು ಇನ್ನೂರರ ತನಕ ಮುಗಿಸಿದಳು. ಹದಿನೇಳು ನೆಟ್ಟಗಿತ್ತು, ಎರಡು ಕೆಂಪು, ಎರಡು ಕೆಂಪು, ಎರಡು ಕೆಂಪು. ಹನ್ನೊಂದು, ಹನ್ನೆರಡು ಎರಡರಲ್ಲೂ ದೋಷವಿಲ್ಲ. ಹದಿಮೂರರ ಸ್ಲೈಡು ಇಟ್ಟ ಕೂಡಲೇ ಗೊತ್ತಾಯಿತು, ಎಣಿಸುವ ಅಗತ್ಯವೂ ಇರಲಿಲ್ಲ. ನೂರಕ್ಕೆ ಎಪ್ಪತ್ತು ಬಿಲ್ಲೆಗಳಲ್ಲಿ ಒಂದೇ ಕೆಂಪು. ಹದಿಮೂರು ಮಾತ್ರ. ಪುಣ್ಯವಂತ. ಅವನಿಗೀಗ ಅರವತ್ತೆರಡು. ಎಂಬತ್ತು, ಎಂಬತ್ತೈದು. ಅವಳು ತನ್ನ ವಯಸ್ಸನ್ನು ಅದರ ಪಕ್ಕದಲ್ಲಿಟ್ಟು ಕೂಡಿಸಿ ನೋಡಿದಳು, ನಿಲ್ಲಿಸಿದಳು. ಎದ್ದು ಹೋಗಿ ಕೈ ತೊಳೆದು ಬಂದಳು. ಹದಿನೇಳರ ಸ್ಲೈಡನ್ನು ಮತ್ತೆ ಇಟ್ಟು ಇನ್ನೂರು ಎಣಿಸಿದಳು. ಇಂಥ ಸ್ಲೈಡುಗಳ ಗುಣವೊಂದಿದೆ. ದೀಪ ಬಿದ್ದಷ್ಟೂ ಬಣ್ಣ ಮಾಸುತ್ತದೆ. ಎರಡನೆಯ ಎಣಿಕೆಯಲ್ಲೂ ನೆಟ್ಟಗೇ ಇತ್ತು. ಅಲ್ಲಿಗೆ ಬಿಡಬೇಕಿತ್ತು. ಮೂರನೆಯ ಸಲ ಯಾಕೆ ಕೂತಳೋ ಅವಳಿಗೇ ತಿಳಿಯದು. ತಿಳಿಯದು ಎಂಬುದೂ ಸುಳ್ಳು. ಮೂರನೆಯ ಸಲಕ್ಕೆ ಕೆಂಪು ಚುಕ್ಕಿಗಳು ಆರುವ ಕೆಂಡದ ಕಿಡಿಯಷ್ಟಾಗಿದ್ದವು. ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಮೊದಲ ಮಸುಕು ಚುಕ್ಕಿಯನ್ನು ಅವಳು 'ಇಲ್ಲ' ಎಂಬ ಕಡೆಗೆ ಒತ್ತಿದಳು. ಎರಡನೆಯದನ್ನೂ. ಹತ್ತು, ಹನ್ನೆರಡು, ಹದಿನಾರು. ಹಾಳೆಯ ಮೇಲೆ ನೂರಕ್ಕೆ ಎಂಟು ಎಂಬ ಲೆಕ್ಕ ಬರೆದು ನೋಡಿದಳು. ಎಂಟು ಎಂದರೆ ದೋಷವಿದೆ ಎನ್ನುವ ಗೆರೆ ದಾಟಿತು. ಎಂಟು ಎಂದರೆ ಡಾಕ್ಟರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆಯುತ್ತಾರೆ. ತನ್ನದೇ ಕೈಬರಹದ ಎಂಟನ್ನು ಅವಳು ಬಹಳ ಹೊತ್ತು ನೋಡಿದಳು. ಸುಂದರವಾಗಿ ಬರೆದಿದ್ದಳು. ಆಮೇಲೆ ಹಾಳೆಯನ್ನು ಹರಿದು, ತುಂಡುಗಳನ್ನು ಮತ್ತೆ ಹರಿದು, ಕೈಗವಸಿನೊಳಗೆ ತುರುಕಿ ಗಂಟು ಹಾಕಿ, ಸೋಂಕಿನ ಕಸದ ಕೆಂಪು ಡಬ್ಬಿಗೆ ಹಾಕಿದಳು. ಬಾಯೊಳಗೆ ನಾಣ್ಯ ಕಚ್ಚಿದ ರುಚಿ.

ಮಧ್ಯಾಹ್ನ ಬಂದ ಹೊಸಬಳು ಕಪ್ಪು ಪರದೆಯ ಹಿಂದೆ ಹೋದ ಹತ್ತು ನಿಮಿಷಕ್ಕೆ ತಲೆ ಹೊರಹಾಕಿದಳು. "ಅಕ್ಕಾ, ಭಾವನ ಹದಿನೇಳು ಯಾಕೆ ಇಷ್ಟು ಮಾಸಿದೆ? ಬೇರೆ ಸ್ಲೈಡೆಲ್ಲ ಚೆನ್ನಾಗಿದೆ. ಯಾರಾದ್ರೂ ನೋಡಿದ್ರಾ?"

"ನಾನೇ ನೋಡ್ದೆ."

"ಎಷ್ಟು ಹೊತ್ತು ನೋಡಿದ್ರಿ?"

"ಮೂರು ಸಲ ಎಣಿಸ್ದೆ," ಎಂದಳು. ಸುಳ್ಳು ಹೇಳಲು ತೋಚಲಿಲ್ಲ.

ಹೊಸಬಳ ಕಣ್ಣು ತುಂಬಿತು. ಮಗುವಿನ ಜ್ವರದಲ್ಲಿ ನಿದ್ದೆಗೆಟ್ಟ ಮುಖ, ಬೇಗ ತುಂಬುವ ಕಣ್ಣು. ಬಂದು ಗಟ್ಟಿಯಾಗಿ ತಬ್ಬಿಕೊಂಡಳು. ಅವಳ ಕೋಟಿನಿಂದ ಮಗುವಿನ ಔಷಧದ ಸಿಹಿ ವಾಸನೆ ಬರುತ್ತಿತ್ತು. "ನಂಗೊತ್ತು ಅಕ್ಕಾ. ನಮ್ಮವರದಾದ್ರೆ ಕಣ್ಣೇ ನಂಬಲ್ಲ ಅಲ್ವಾ. ಮೇಡಮ್‌ಗೆ ನಾನು ಹೇಳ್ತೀನಿ, ನೀವು ಸುಮ್ನಿರಿ. ಇನ್ನೊಂದು ಸ್ಲೈಡು ಮಾಡಿ ನಾನೂ ಎಣಿಸ್ತೀನಿ." ಆ ಅಪ್ಪುಗೆಯಲ್ಲಿ ಅವಳು ಮರದ ಕೊರಡಿನಂತೆ ನಿಂತಿದ್ದಳು. ತಬ್ಬಿದ ಕೈಗಳನ್ನು ಬಿಡಿಸಿ, ನೀನಂದುಕೊಂಡದ್ದಲ್ಲ ಎನ್ನಬೇಕು. ಎಂದರೆ ಏನಂತ ಮುಂದುವರಿಸುವುದು. ಹೊಸಬಳ ಬೆನ್ನ ಮೇಲೆ ಎರಡು ಸಲ ತಟ್ಟಿದಳು, ಸಮಾಧಾನ ಮಾಡುತ್ತಿರುವವಳು ತಾನೇ ಎಂಬಂತೆ. ಸಂಜೆ ಮೇಡಮ್ ಕರೆದು ಬೈಯಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡು, "ನಿಯಮ ನಿಯಮಾನೇ. ಆದ್ರೆ ನಿಮ್ಮ ಜಾಗದಲ್ಲಿ ನಾನಿದ್ರೂ ಅಷ್ಟೇ ಮಾಡ್ತಿದ್ದೆ" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಮುದ್ರೆ ಬಿದ್ದ ರಿಪೋರ್ಟು ಬರಲು ಇನ್ನೂ ಒಂದು ವಾರ ಹಿಡಿಯಿತು. ಬೇರೆ ಲ್ಯಾಬಿಗೆ ಕಳಿಸಿದ ಇನ್ನೊಂದು ಪರೀಕ್ಷೆಯ ಫಲಿತಾಂಶವೂ ಅದರ ಜೊತೆಗೇ ಬಂತು. ಆ ವಾರ ಪೂರ್ತಿ ಅವಳು ಗೊತ್ತಿರುವುದನ್ನು ಗಂಡನಿಗೆ ಹೇಳಲಿಲ್ಲ. ನಿಯಮ ಹಾಗಿದೆ ಎಂಬುದು ನೆಪವಾಗಿ ಸಿಕ್ಕಿತ್ತು. ಡಾಕ್ಟರನ್ನು ಕಾಣುವ ದಿನ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ; ಚುನಾವಣೆಯ ಫಲಿತಾಂಶ ಓದುವ ದಿನಗಳಲ್ಲಿ, ಯಾರಿಗೂ ಕಾಣದಿದ್ದರೂ, ಹಾಕಿಕೊಳ್ಳುತ್ತಿದ್ದಂಥದು. ಡಾಕ್ಟರು ಸಣ್ಣ ವಯಸ್ಸಿನವರು. ಕಾಗದಗಳನ್ನು ತಿರುವಿ ಮುಖವರಳಿಸಿದರು.

"ಒಳ್ಳೇ ಸುದ್ದಿ ಸರ್. ಬರೀ ಹದಿಮೂರು. ಈ ಕಾಯಿಲೇಲಿ ಇದಕ್ಕಿಂತ ಒಳ್ಳೇ ಗುರುತು ಇಲ್ಲ. ಇನ್ನೊಂದು ಜೀನ್ ನೋಡಿದ್ವಲ್ಲ, ಅದು ಬದಲಾಗಿದ್ರೆ ಒಳ್ಳೇದು. ನಿಮ್ಮದು ಬದಲಾಗಿದೆ."

ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಇವರಲ್ಲಿ ಏನೋ ಒಂದು ಬದಲಾದ ಸುದ್ದಿ ಇದೇ ಮೊದಲು ಎಂದು ಅವಳಿಗನ್ನಿಸಿ, ಎಲ್ಲಿ ನಗು ಬಂದುಬಿಡುತ್ತದೋ ಎಂದು ತುಟಿ ಕಚ್ಚಿಕೊಂಡಳು. ಡಾಕ್ಟರು ಅದನ್ನು ಅಳು ಎಂದುಕೊಂಡರು.

"ಅಂದ್ರೆ ಔಷಧಿ?" ಎಂದ ಗಂಡ.

"ಏನೂ ಬೇಡ. ಮೂರು ತಿಂಗಳಿಗೊಂದು ಸಲ ರಕ್ತ ನೋಡ್ತಿರೋಣ. ಎಷ್ಟೋ ಜನಕ್ಕೆ ಜೀವಮಾನ ಪೂರ್ತಿ ಔಷಧಿನೇ ಬೇಕಾಗಲ್ಲ."

"ಏನೂ ಬೇಡ್ವಾ?" ಅವನ ಮುಖ, ಓದುತ್ತಿದ್ದ ಹಾಳೆಯನ್ನು ಮಧ್ಯದಲ್ಲೇ ಯಾರೋ ಕಿತ್ತುಕೊಂಡಂತೆ ಆಗಿತ್ತು. "ಹಾಗಾದ್ರೆ ನಂದು ಕಾಯಿಲೇನೇ ಅಲ್ಲ ಅಂತೀರಾ?"

"ಕಾಯಿಲೆ ಹೌದು ಸರ್. ನಿಮ್ಮ ಜೊತೆ ಇರುತ್ತೆ, ಅಷ್ಟೆ. ನಿಮ್ಮನ್ನ ಒಯ್ಯೋ ಕಾಯಿಲೆ ಅಲ್ಲ." ಡಾಕ್ಟರು ಅವಳ ಕಡೆ ತಿರುಗಿ ಕೈ ಮುಗಿದಂತೆ ಮಾಡಿದರು. "ಇದು ಇವರೇ ಎಣಿಸಿದ್ದು, ಗೊತ್ತಾ ಸರ್? ಇವರ ಲ್ಯಾಬಿನ ಮೇಡಮ್ ಹೇಳಿದ್ರು. ಒಂದಲ್ಲ, ಮೂರು ಸಲ ಎಣಿಸಿದ್ರಂತೆ, ಪಾಪ. ನೀವು ಅದೃಷ್ಟವಂತರು."

ಗಂಡ ಅವಳನ್ನು ನೋಡಿದ. ಎಷ್ಟೋ ವರ್ಷಗಳ ಮೇಲೆ ಅವನು ಅವಳನ್ನು ಪೂರ್ತಿಯಾಗಿ ನೋಡಿದ್ದು ಅದು. ಅಕ್ಷರ ತಪ್ಪಿರುವ ವಾಕ್ಯವನ್ನಲ್ಲ, ಅರ್ಥವಾಗದ ವಾಕ್ಯವನ್ನು ನೋಡುವ ಹಾಗೆ.

ಬಸ್ಸಿನಲ್ಲಿ ಜನ ಕಡಿಮೆ ಇತ್ತು. ಅವನು ಕಿಟಕಿಯ ಕಡೆ ಕೂತು ನಾಲ್ಕು ಸ್ಟಾಪು ದಾಟುವ ತನಕ ಏನೂ ಮಾತಾಡಲಿಲ್ಲ. ಅವನ ಮೌನ ಇಷ್ಟು ಉದ್ದವಿರಬಲ್ಲದು ಎಂಬುದು ಅವಳಿಗೆ ತಿಳಿದಿರಲಿಲ್ಲ. ತಾನು ಹಂಬಲಿಸಿದ್ದು ಇದನ್ನೇ ಅಲ್ಲವೇ, ಆದರೆ ಇದು ಆ ಎರಡು ನಿಮಿಷದ ಮೌನವಲ್ಲ. ಇದರೊಳಗೆ ಯಾರೋ ಕೂತಿದ್ದರು. ಎದುರು ಸೀಟಿನ ಹಿಂಬದಿಯಲ್ಲಿ ಯಾರೋ ಮೊಳೆಯಿಂದ ಕೆರೆದಿದ್ದ ಹೃದಯದ ಚಿತ್ರವನ್ನು ಅವಳು ನೋಡುತ್ತಿದ್ದಳು. ಅವನು ತಿರುಗದೆಯೇ ಕೇಳಿದ. ಅದು ಓದುವ ದನಿಯಾಗಿರಲಿಲ್ಲ. ಒಣಗಿದ, ಸಣ್ಣ, ಮುದುಕನ ದನಿ.

"ಮೂರು ಸಲ ಯಾಕೆ?"

"ಖಾತ್ರಿ ಮಾಡ್ಕೊಳ್ಳೋಕೆ."

"ಎರಡನೇದು ಖಾತ್ರಿಗೆ. ಮೂರನೇದು?"

ಅವಳು ಮಡಿಲಲ್ಲಿದ್ದ ರಿಪೋರ್ಟಿನ ಲಕೋಟೆಯ ಮೂಲೆಯನ್ನು ಮಡಿಸಿದಳು.

"ನಾನು ಮೂವತ್ತನಾಲ್ಕು ವರ್ಷ ಬೇರೆಯವರು ಬರೆದು ಕೊಟ್ಟಿದ್ದನ್ನ ಓದ್ದೋನು. ಸರಿಯಾಗಿದೆ ಅನ್ನಿಸಿದ್ದನ್ನ ಯಾರೂ ಮೂರು ಸಲ ಓದಲ್ಲ. ಇದರಲ್ಲಿ ಬೇರೇನಾದ್ರೂ ಇರ್ಬಹುದೇನೋ ಅಂತ ಆಸೆ ಇದ್ದಾಗ ಓದ್ತಾರೆ." ಬಸ್ಸು ತಿರುವಿನಲ್ಲಿ ವಾಲಿ ಅವನ ಭುಜ ಅವಳ ಭುಜಕ್ಕೆ ತಾಗಿತು, ಅವನು ತಟ್ಟನೆ ಹಿಂದೆ ಎಳೆದುಕೊಂಡ. "ಆಸೆ ಇತ್ತಾ?"

ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಛೇ, ಏನು ಮಾತಾಡ್ತೀರಿ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರೂ ಆಗುತ್ತಿತ್ತು. ಅವನು ನಂಬುತ್ತಿದ್ದ, ನಂಬುವುದೇ ಅವನಿಗೂ ಬೇಕಿತ್ತು, ಆ ಸಣ್ಣ ದನಿಯಲ್ಲಿ ಅದು ಸ್ಪಷ್ಟವಾಗಿ ಕೇಳುತ್ತಿತ್ತು. ಊರೆಲ್ಲ ಒಪ್ಪಿದ ಸುಳ್ಳು ಅದು. ಹೊಸಬಳು, ಮೇಡಮ್, ಡಾಕ್ಟರು, ಎಲ್ಲರೂ ಸೇರಿ ಮಡಿಸಿ ಅವಳ ಕೈಗೆ ಕೊಟ್ಟಿದ್ದರು. ಅವಳು ದಾಟಿಸಿದ್ದರೆ ಸಾಕಿತ್ತು. ಬಾಯಿ ತೆರೆದಳು. ಇಷ್ಟು ವರ್ಷ ಒಂದೊಂದಾಗಿ ಬಿಟ್ಟುಕೊಟ್ಟ ಶಬ್ದಗಳಲ್ಲಿ ಒಂದೂ ಈ ಹೊತ್ತಿಗೆ ತಿರುಗಿ ಬರಲಿಲ್ಲ. ಈಗ ಇಲ್ಲ ಎನ್ನದಿದ್ದರೆ ಹೌದು ಎಂದಂತೆಯೇ ಎಂಬುದು ಗೊತ್ತಿದ್ದೂ ಹಾಗೇ ಕೂತಿದ್ದಳು. ಬಸ್ಸು ನಿಂತಿತು.

"ಸ್ಟಾಪು ಬಂತು," ಎಂದಳು. "ಇಳೀರಿ."

ಮನೆಗೆ ಬಂದು ಅವನು ಅಂಗಿ ಬದಲಿಸಲಿಲ್ಲ. ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಕುರ್ಚಿಯಲ್ಲಿ ಕೂತು, ಫೋನ್ ನಂಬರುಗಳ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡ. ಮೊದಲು ತನ್ನ ಅಕ್ಕನಿಗೆ ಮಾಡಿದ. ದನಿ ತಿರುಗಿ ಬಂದಿತ್ತು, ಮೊದಲಿಗಿಂತ ತುಂಬಿಕೊಂಡೇ ಬಂದಿತ್ತು. "ಅಕ್ಕಾ, ಏನೂ ಗಾಬರಿ ಇಲ್ಲ. ಇನ್ನು ಇಪ್ಪತ್ತು ವರ್ಷ ನನ್ನ ಕಾಟ ತಪ್ಪಲ್ಲ. ಎಣಿಸಿದ್ದು ಯಾರು ಅಂದ್ಕೊಂಡೆ? ಇವಳೇ. ಒಂದು ಸಲ ಅಲ್ಲ ಅಕ್ಕಾ, ಮೂರು ಸಲ." ಮೂರು ಎಂಬಲ್ಲಿ ಒಂದು ಕ್ಷಣ ನಿಲ್ಲಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳ ಕಡೆ ನೋಡಿದ. ನೋಟದಲ್ಲಿ ಸಿಟ್ಟಿರಲಿಲ್ಲ. ಕೈಗೆ ಸಿಕ್ಕ ಹೊಸ ವಸ್ತುವಿನ ತೂಕ ನೋಡುವವನ ನೆಮ್ಮದಿ ಇತ್ತು. "ತಗೋ, ನಿನ್ನ ಹತ್ರ ಮಾತಾಡ್ಬೇಕಂತೆ." ಅವಳು ಕೈ ಒರೆಸಿಕೊಂಡು ಬಂದು ಫೋನು ತೆಗೆದುಕೊಂಡಳು. ಅತ್ತಿಗೆ ಆ ಕಡೆ ಅಳುತ್ತಿದ್ದರು. "ನಿನ್ನಂಥೋಳು ಸಿಕ್ಕಿದ್ದು ಅವನ ಪುಣ್ಯ ಕಣೇ." ಅವಳು ಹೂಂ ಎಂದಳು. ಆಮೇಲೆ ರೇಡಿಯೋದ ಗೆಳೆಯ. ಆಮೇಲೆ ಕೆಳಗಿನ ಮನೆಯವರು, ಅವರಿಗೆ ಬಾಗಿಲಲ್ಲೇ ನಿಂತು. ಪ್ರತಿ ಸಲವೂ ಅದೇ ವಾಕ್ಯ, ಅದೇ ಜಾಗದಲ್ಲಿ ಅದೇ ವಿರಾಮ. ಪ್ರತಿ ಸಲವೂ ಅವಳನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡು. ಒಂದು ಅಕ್ಷರ ತಪ್ಪಲಿಲ್ಲ. ಇದನ್ನು ಅವನು ಎಲ್ಲಿಯೂ ಬಿಡುವುದಿಲ್ಲ, ಮದುವೆಮನೆಗಳಲ್ಲಿ, ಮಗಳ ಮನೆಯಲ್ಲಿ, ಮೂರು ತಿಂಗಳಿಗೊಮ್ಮೆ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದವರಿಗೆ, ವರ್ಷಗಟ್ಟಲೆ ಓದುತ್ತಾನೆ ಎಂಬುದು ಅವಳಿಗೆ ಸ್ಪಷ್ಟವಾಯಿತು. ಕೇಳಿದವರೆಲ್ಲ ಅವಳನ್ನು ಹೊಗಳುತ್ತಾರೆ. ಹೊಗಳಿಕೆಯ ಒಳಗೆ ಇರುವುದು ಅವರಿಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಮದುವೆಯಾದಂದಿನಿಂದ ಅವರಿಬ್ಬರ ನಡುವೆ ಇಷ್ಟು ಗುಟ್ಟಾದದ್ದು ಬೇರೆ ಏನೂ ಇರಲಿಲ್ಲ.

ಕೊನೆಗೆ ಮಗಳು. "ಇರು, ಅಮ್ಮಂಗೆ ಕೊಡ್ತೀನಿ, ಅವಳೇ ಹೇಳ್ಲಿ," ಎಂದು ಅವನು ಫೋನು ಚಾಚಿದ.

"ಅಮ್ಮಾ," ಮಗಳ ದನಿ ನಗುವಿನಲ್ಲೋ ಅಳುವಿನಲ್ಲೋ ಒಡೆದಿತ್ತು, "ಮೂರು ಸಲ ಎಣಿಸಿದ್ಯಂತೆ, ಹೌದಾ?"

ಅವನು ಪುಸ್ತಕದ ಪುಟದ ನಡುವೆ ಬೆರಳಿಟ್ಟುಕೊಂಡು, ಕತ್ತು ಓರೆ ಮಾಡಿ ಕಾಯುತ್ತಿದ್ದ.

"ಹೌದು ಕಣೇ," ಎಂದಳು. "ಮೂರು ಸಲ."

ಅವನು ತಲೆಯಾಡಿಸಿ, ಮುಂದಿನ ಪುಟ ತಿರುವಿದ.